ಎರಡು ಬಿಳುಪುಗಳ ನಡುವೆ



ಮಳೆಗಾಲ ಹಿಂದೆ ಸರಿದು ದೀಪಾವಳಿ ಸಮೀಪಿಸಿತೆಂದರೆ ಗೃಹಸ್ಥರ ದೃಷ್ಟಿ ಮನೆಯ ಗೋಡೆಗಳತ್ತ ಹೊರಳುವುದು ನಮ್ಮ ನಾಡಿನ ವಾಡಿಕೆ. ನಾಲ್ಕು ತಿಂಗಳ ತೇವದಿಂದ ಮಂಕಾದ ಗೋಡೆಗೆ ಹೊಸ ಬಣ್ಣ ಬಳಿಯುವುದು ಹಬ್ಬದ ಸಿದ್ಧತೆಯ ಮೊದಲ ಅಂಗ. ನಮ್ಮ ಬಾಲ್ಯಕಾಲದಲ್ಲಿ ಈ ಕಾರ್ಯದಲ್ಲಿ ಆಯ್ಕೆಯೆಂಬ ತೊಡಕೇ ಇರಲಿಲ್ಲ. ಸುಣ್ಣವೊಂದೇ ಗೋಡೆಯ ಬಣ್ಣವಾಗಿತ್ತು. ಇಂದು ಅಂಗಡಿಗೆ ಹೋಗಿ ‘ಬಿಳಿ ಬಣ್ಣ ಕೊಡಿ’ ಎಂದು ಕೇಳಿದರೆ ಅಂಗಡಿಯವರು ‘ಯಾವ ಬಿಳಿ?’ ಎಂದು ಮರುಪ್ರಶ್ನೆ ಹಾಕುತ್ತಾರೆ. ಹಾಲಿನ ಬಿಳಿ, ಮುತ್ತಿನ ಬಿಳಿ, ದಂತದ ಬಿಳಿ, ಕೆನೆಯ ಬಿಳಿ, ಬೂದಿಯ ಬಿಳಿ ಎಂದು ಹತ್ತಾರು ತುಣುಕುಗಳುಳ್ಳ ಪಟ್ಟಿಯನ್ನು ಮುಂದಿಡುತ್ತಾರೆ. ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರ ಕೂದಲೆಳೆಯಷ್ಟು. ಇಷ್ಟು ಅಲ್ಪ ಅಂತರದ ಬಗ್ಗೆ ಇಷ್ಟೊಂದು ಚಿಂತನೆ ಏಕೆಂದು ನಾವೂ ಒಂದು ಕಾಲದಲ್ಲಿ ನಕ್ಕವರೇ. ಆದರೆ ಹೋದ ವರ್ಷದ ದೀಪಾವಳಿಗೆ ಮುಂಚೆ ನಮ್ಮ ಬಂಧುಗಳ ಮನೆಯೊಂದರಲ್ಲಿ ಅಂತಹ ಎರಡು ಬಿಳುಪುಗಳ ಕಾರಣದಿಂದ ಎಂಟು ದಿನ ಅತ್ತೆ-ಸೊಸೆಯರ ನಡುವೆ ಮಾತು ನಿಂತಿತ್ತು. ಆ ಪ್ರಸಂಗದಿಂದ ನಾವು ಕಲಿತುದನ್ನು ಈ ತಿಂಗಳು ಓದುಗರ ಮುಂದಿಡುತ್ತಿದ್ದೇವೆ.

ಧಾರವಾಡದಲ್ಲಿ ನಮ್ಮ ಹಿರಿಯ ಸಹೋದರಿಯವರು ಮಗ ಸೊಸೆಯರೊಂದಿಗೆ ವಾಸವಾಗಿದ್ದಾರೆ. ಅವರಿಗೆ ಆಗ 76ರ ವಯಸ್ಸು. ಸೊಸೆ ಶಾಲೆಯ ಶಿಕ್ಷಕಿ. ಮನೆಯನ್ನು ಒಪ್ಪವಾಗಿ ಇಟ್ಟುಕೊಳ್ಳುವುದರಲ್ಲಿ ಆಸಕ್ತಿಯುಳ್ಳವಳು. ಆ ವರ್ಷ ಮನೆಗೆಲ್ಲ ಬಣ್ಣ ಹಚ್ಚಿಸುವುದೆಂದು ನಿಶ್ಚಯವಾದಾಗ ಅವಳು ಪಟ್ಟಿಯಿಂದ ಎರಡು ಬಣ್ಣಗಳನ್ನು ಆರಿಸಿಟ್ಟಳು. ಕಂಪನಿಯವರು ಅವುಗಳಿಗಿಟ್ಟ ಹೆಸರುಗಳು ನಮಗೆ ನಾಲಿಗೆ ಹೊರಳದಂಥವು. ಆದುದರಿಂದ ಒಂದನ್ನು ಕೆನೆಬಿಳಿ ಎಂದೂ ಇನ್ನೊಂದನ್ನು ಬೂದಿಬಿಳಿ ಎಂದೂ ಇಲ್ಲಿ ಕರೆಯುತ್ತೇವೆ. ಬೂದಿಬಿಳಿಯನ್ನು ಮೊದಲು ಪಡಸಾಲೆಗೆ ಹಚ್ಚಿಸಲಾಯಿತು. ನೋಡಿದವರೆಲ್ಲ ಮೆಚ್ಚಿದರು. ಆ ಉತ್ಸಾಹದಲ್ಲಿ ಹಿಂಬದಿಯ ಅತ್ತೆಯವರ ಕೋಣೆಗೂ ಅದನ್ನೇ ಹಚ್ಚಿಸಿದಳು. ಬಣ್ಣ ಒಣಗಿದ ಮರುದಿನ ನಮ್ಮ ಅಕ್ಕನವರು ಆ ಕೋಣೆಯೊಳಗೆ ಹೋಗಿ ಕುಳಿತು, ಸ್ವಲ್ಪ ಹೊತ್ತಿನಲ್ಲಿಯೇ ಎದ್ದು ಬಂದು, ತಮ್ಮ ಹಾಸಿಗೆಯನ್ನು ಅಡುಗೆಮನೆಯ ಪಕ್ಕದ ಮೊಗಸಾಲೆಗೆ ಸಾಗಿಸಿದರು. ಕಾರಣ ಕೇಳಿದರೆ ಒಂದೇ ಮಾತು: ಕೋಣೆ ಕತ್ತಲಾಗಿದೆ.

ಸೊಸೆಗೆ ಇದು ತನ್ನ ಅಭಿರುಚಿಗೆ ಮಾಡಿದ ಅವಮಾನವೆಂದು ತೋರಿತು. ಅತ್ತೆಗೆ ತಮ್ಮನ್ನು ಕತ್ತಲೆ ಕೋಣೆಗೆ ತಳ್ಳಿದರೆಂಬ ಭಾವ ಬಂದಿತು. ಇಬ್ಬರೂ ಇದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಅಂದೇ ಮುಗಿಯುತ್ತಿತ್ತು.

ಯಾವುದೋ ಕಾರ್ಯನಿಮಿತ್ತ ಆ ಊರಿಗೆ ಹೋಗಿದ್ದ ನಾವು ಅವರ ಮನೆಗೆ ಹೋದಾಗ ತೀರ್ಪು ಹೇಳುವ ಹೊಣೆ ನಮ್ಮ ಮೇಲೆ ಬಿದ್ದಿತು. ನಮ್ಮ ಅಳಿಯನು ಎರಡೂ ತುಣುಕುಗಳನ್ನು ನಮ್ಮ ಕೈಗಿಟ್ಟು, “ಎರಡೂ ಬಿಳೀನ ಅದಾವಲ್ರಿ ಮಾಮಾ, ಇದರಾಗ ಸಿಟ್ಟಿಗೇಳೂದು ಏನೈತಿ?” ಎಂದನು. ಪಡಸಾಲೆಯ ದೀಪದ ಕೆಳಗೆ ಕುಳಿತು ನಾವು ಆ ತುಣುಕುಗಳನ್ನು ತಿರುಗಿಸಿ ನೋಡಿದೆವು. ಮಠದಲ್ಲಿ ಹತ್ತು ವರ್ಷ ಶಾಸ್ತ್ರಾಧ್ಯಯನ ಮಾಡಿದವರಿಗೆ ಯಾವ ವಿಷಯದಲ್ಲಿಯೂ ನಿರ್ಣಯ ಹೇಳಬಲ್ಲೆವೆಂಬ ಭ್ರಮೆ ಬೇಗ ಬಿಡುವುದಿಲ್ಲ. ಅಂತರ ಬಣ್ಣದಲ್ಲಿಲ್ಲ, ಮನಸ್ಸಿನಲ್ಲಿದೆ. ಎರಡೂ ಒಂದೇ ಎಂದು ತಿಳಿದರೆ ಕಲಹ ತಾನಾಗಿ ಶಮನವಾಗುವುದೆಂದು ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆವು. ಅಳಿಯನು ತಲೆದೂಗಿದನು. ಅತ್ತೆ ಸೊಸೆಯರಿಬ್ಬರೂ ಸುಮ್ಮನಿದ್ದರು. ಬಳಿಕ ಅಕ್ಕನವರು ಮೆಲ್ಲಗೆ, “ತಮ್ಮಾ, ಇಲ್ಲೇ ಕುಂತ ಮಾತಾಡಬ್ಯಾಡ. ಆ ಖೋಲಿಯೊಳಗ ಹೋಗಿ ಕುಂದರು” ಎಂದರು.

ಹೋಗಿ ಕುಳಿತೆವು. ಉತ್ತರಕ್ಕೆ ಒಂದೇ ಕಿಟಕಿ. ಅದರಾಚೆ ನೆರೆಮನೆಯ ಮಾವಿನ ಮರ. ನೆಲಕ್ಕೆ ಶಹಾಬಾದ ಕಲ್ಲು. ಮಧ್ಯಾಹ್ನದ ಸಮಯವಾದರೂ ಗೋಡೆಗಳಲ್ಲಿ ಲವಲವಿಕೆಯಿರಲಿಲ್ಲ. ಪಡಸಾಲೆಯಲ್ಲಿ ಶುಭ್ರವಾಗಿ ಕಂಡ ಅದೇ ಬಣ್ಣ ಇಲ್ಲಿ ಮೋಡದ ಅಂಚಿನಂತೆ ಕಾಣುತ್ತಿತ್ತು. ಕನ್ನಡಕ ಮಸುಕಾಗಿರಬೇಕೆಂದು ತೆಗೆದು ಒರೆಸುತ್ತ, ಎಡಗಣ್ಣಿಗೆ ಏನೋ ತಾಗಿದಂತಾಗಿ ಆ ಕಣ್ಣನ್ನು ಮುಚ್ಚಿಕೊಂಡೆವು. ಗೋಡೆ ತುಸು ನೀಲಿಛಾಯೆಯ ಬಿಳಿಯಾಗಿ ಬೆಳಗಿತು. ಬಲಗಣ್ಣನ್ನು ಮುಚ್ಚಿ ಎಡಗಣ್ಣಿನಿಂದ ನೋಡಿದೆವು. ಅದೇ ಗೋಡೆ ಹಳೆಯ ಕಾಗದದಂತೆ ಕಂದಿತು. ಮತ್ತೆ ಮತ್ತೆ ಹಾಗೆಯೇ ಮಾಡಿ ನೋಡಿದೆವು. ಸಂಶಯವಿರಲಿಲ್ಲ. ಒಂದೇ ಗೋಡೆ, ಒಂದೇ ಬೆಳಕು, ಒಬ್ಬನೇ ನೋಡುವವನು. ಆದರೂ ಎರಡು ಬಣ್ಣ.

ಆ ಕ್ಷಣದಲ್ಲಿ ಕಾರಣ ಹೊಳೆಯಿತು. ಅದಕ್ಕೆ ಒಂದು ವರ್ಷದ ಹಿಂದೆ ನಮ್ಮ ಬಲಗಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿತ್ತು. ಎಡಗಣ್ಣಿಗೆ ಆಗಿರಲಿಲ್ಲ. ನಮ್ಮ ಕಣ್ಣಿನೊಳಗಿನ ಮಸೂರವು ಹುಟ್ಟಿದಾಗ ಸ್ಫಟಿಕದಂತೆ ನಿರ್ಮಲವಾಗಿದ್ದು, ವಯಸ್ಸಾದಂತೆ ಹಳದಿಗೆ ತಿರುಗುತ್ತದೆ. ಹಳದಿಯಾದ ಮಸೂರವು ಬೆಳಕಿನಲ್ಲಿರುವ ನೀಲಿಯ ಅಂಶವನ್ನು ತಡೆಯುತ್ತದೆ. ಕಣ್ಣಿನ ಪಾಪೆಯೂ ಕಿರಿದಾಗುತ್ತದೆ. ಇಪ್ಪತ್ತರ ತರುಣನ ಅಕ್ಷಿಪಟಲಕ್ಕೆ ತಲುಪುವ ಬೆಳಕಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಅರವತ್ತರವನಿಗೆ ತಲುಪುವುದೆಂದು ನೇತ್ರಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಈ ಬದಲಾವಣೆ ವರ್ಷಗಳುದ್ದಕ್ಕೂ ಮೆಲ್ಲಮೆಲ್ಲನೆ ಆಗುವುದರಿಂದ ಯಾರಿಗೂ ತಮ್ಮ ದೃಷ್ಟಿ ಮಬ್ಬಾಯಿತೆಂದು ತೋರುವುದಿಲ್ಲ. ಲೋಕವೇ ಮಬ್ಬಾಯಿತೆಂದು ತೋರುತ್ತದೆ. ಫ್ರಾನ್ಸಿನ ಪ್ರಸಿದ್ಧ ಚಿತ್ರಕಾರ ಕ್ಲೋಡ್ ಮೋನೆಗೆ 1923ರಲ್ಲಿ, ಅವನ 82ನೆಯ ವಯಸ್ಸಿನಲ್ಲಿ, ಬಲಗಣ್ಣಿನ ಪೊರೆ ತೆಗೆದಾಗ ಲೋಕವೆಲ್ಲ ನೀಲಿಮಯವಾಗಿ ಕಂಡು ಅವನು ಕಂಗೆಟ್ಟನು. ಜೀವಮಾನವಿಡೀ ಬಣ್ಣಗಳನ್ನೇ ಅಭ್ಯಾಸ ಮಾಡಿದವನ ಸ್ಥಿತಿಯೇ ಹೀಗಾದರೆ ಸಾಮಾನ್ಯರ ಪಾಡೇನು?

ಅಕ್ಕನವರ ಎರಡೂ ಕಣ್ಣುಗಳು ಅಂದು ನಮ್ಮ ಎಡಗಣ್ಣಿನಂತೆ, ಬಹುಶಃ ಅದಕ್ಕಿಂತ ಹೆಚ್ಚು, ಮಬ್ಬಾಗಿರಬೇಕು. ಸೊಸೆಯ ಕಣ್ಣುಗಳು ಪೂರ್ಣ ನಿರ್ಮಲ. ಅವಳು ಕಂಡ ಗೋಡೆ ಬೇರೆ, ಅವರು ಕಂಡ ಗೋಡೆ ಬೇರೆ. ಇಬ್ಬರೂ ಕಂಡುದನ್ನೇ ಹೇಳಿದ್ದರು. ಸುಳ್ಳು ಹೇಳಿದವರು ಯಾರಾದರೂ ಇದ್ದರೆ, ಎರಡೂ ಒಂದೇ ಎಂದು ಉಪನ್ಯಾಸ ಕೊಟ್ಟ ನಾವು ಮಾತ್ರ.

ಇಲ್ಲಿಗೆ ಎಲ್ಲವೂ ಕಣ್ಣಿನ ದೋಷವೆಂದು ಹೇಳಿ ಮುಗಿಸಿದರೆ ಅದು ಎರಡನೆಯ ತಪ್ಪಾಗುತ್ತಿತ್ತು. ಏಕೆಂದರೆ ಅದೇ ಬೂದಿಬಿಳಿ ಪಡಸಾಲೆಯಲ್ಲಿ ಅವರಿಗೂ ಅಷ್ಟು ಕೆಟ್ಟದಾಗಿ ಕಂಡಿರಲಿಲ್ಲ. ಆದುದರಿಂದ ಈ ಎರಡು ಬಿಳುಪುಗಳ ಒಳಗುಟ್ಟನ್ನು ವಿಚಾರಿಸಲು ಮರುದಿನ ಬಣ್ಣ ಹಚ್ಚುವವನೊಂದಿಗೆ ಅಂಗಡಿಗೆ ಹೋದೆವು.

ಅಂಗಡಿಯಲ್ಲಿ ಕಂಡುದು ಇದು. ಇಂದಿನ ಗೋಡೆಯ ತಿಳಿಬಣ್ಣಗಳಿಗೆ ಸಾಮಾನ್ಯವಾಗಿ ಮೂಲ ಒಂದೇ ಬಿಳಿ. ಟೈಟಾನಿಯಂ ಡೈಆಕ್ಸೈಡ್ ಎಂಬ ಖನಿಜದ ಪುಡಿಯಿಂದ ಅದಕ್ಕೆ ಬಿಳುಪು ಬರುತ್ತದೆ. ಆ ಬಿಳಿಗೆ ಯಂತ್ರವು ಕೆಲವೇ ತೊಟ್ಟು ಬೇರೆ ವರ್ಣಗಳನ್ನು ಬೀಳಿಸಿ ಡಬ್ಬಿಯನ್ನು ಕುಲುಕುತ್ತದೆ. ಕೆನೆಬಿಳಿಗೆ ಬೀಳುವುದು ಕಬ್ಬಿಣದ ತುಕ್ಕಿನ ಜಾತಿಯ ಹಳದಿ, ಅದರೊಂದಿಗೆ ಒಂದೆರಡು ತೊಟ್ಟು ಕೆಂಪು. ನಮ್ಮ ಹಳ್ಳಿಗಳಲ್ಲಿ ಗೋಡೆಗೆ ಸಾರಿಸುತ್ತಿದ್ದ ಹಳದಿ ಮಣ್ಣಿನಲ್ಲಿಯೂ ಕೆಮ್ಮಣ್ಣಿನಲ್ಲಿಯೂ ಇರುವುದು ಇವೇ ದ್ರವ್ಯಗಳು. ಬೂದಿಬಿಳಿಗೆ ಬೀಳುವುದು ದೀಪದ ಕಾಡಿಗೆಯ ಜಾತಿಯ ಕಪ್ಪು, ಜೊತೆಗೆ ಚೂರು ನೀಲಿ. ಹೀಗೆ ಒಂದರ ಹೊಟ್ಟೆಯಲ್ಲಿ ಮಣ್ಣಿದೆ, ಇನ್ನೊಂದರ ಹೊಟ್ಟೆಯಲ್ಲಿ ಮಸಿಯಿದೆ. ಮೇಲ್ನೋಟಕ್ಕೆ ಎರಡೂ ಬಿಳಿ. ಒಳಛಾಯೆ ಬೇರೆ ಬೇರೆ.

ಒಳಛಾಯೆಯ ಈ ಮರ್ಮವನ್ನು ನಮ್ಮ ಹಿರಿಯರು ಅರಿಯದವರಲ್ಲ. ಮಠದಲ್ಲಿ ನಾವು ವಿದ್ಯಾರ್ಥಿಯಾಗಿದ್ದಾಗ ಜಾತ್ರೆಗೆ ಮುಂಚೆ ಗೋಡೆಗಳಿಗೆ ಸುಣ್ಣ ಹಚ್ಚುವ ಕೆಲಸ ಹುಡುಗರದೇ. ಸುಟ್ಟ ಸುಣ್ಣದ ಹರಳುಗಳನ್ನು ನೀರಿನ ತೊಟ್ಟಿಗೆ ಹಾಕಿದಾಗ ಅದು ಕೊತಕೊತ ಕುದಿದು ಅರಳುತ್ತಿತ್ತು. ಹಚ್ಚುವಾಗ ಬರೀ ನೀರಿನಂತೆ ಕಾಣುವ ಆ ಸುಣ್ಣ ಗಾಳಿಯಲ್ಲಿ ಒಣಗಿ ಮರುದಿನ ಬೆಳ್ಳಗಾಗುವುದನ್ನು ಕಂಡು ಬೆರಗಾಗುತ್ತಿದ್ದೆವು. ಉಸ್ತುವಾರಿಯ ಹಿರಿಯರು ಕೊನೆಯಲ್ಲಿ ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಚಿಟಿಕೆ ಸುಣ್ಣಕ್ಕೆ ಕದಡುತ್ತಿದ್ದರು. ಬಿಳಿಗೆ ನೀಲಿ ಬೆರೆಸಿದರೆ ಬಿಳುಪು ಕೆಡದೆ ಹೆಚ್ಚುವುದು ಹೇಗೆಂದು ನಮಗೆ ಆಗ ಅರ್ಥವಾಗುತ್ತಿರಲಿಲ್ಲ. ಸುಣ್ಣದಲ್ಲಿ ಸ್ವಾಭಾವಿಕವಾಗಿರುವ ನಸುಹಳದಿಯನ್ನು ನೀಲಿಯು ಅಳಿಸುತ್ತದೆ. ಅದರಿಂದ ಗೋಡೆ ಮರಳಿಸುವ ಬೆಳಕು ನಿಜವಾಗಿ ತುಸು ಕಡಿಮೆಯೇ ಆಗುತ್ತದೆ. ಆದರೂ ಕಣ್ಣಿಗೆ ಹೆಚ್ಚು ಬಿಳುಪು ಕಾಣುತ್ತದೆ. ನೀಲಿ ಮಿತಿಮೀರಿದರೆ ಮಾತ್ರ ಗೋಡೆ ತಣ್ಣಗಾಗಿ ಮಂಕಾಗುತ್ತದೆ. ಇಂದಿನ ಬೂದಿಬಿಳಿಯ ಗುಣವೂ ದೋಷವೂ ಆ ಒಂದು ಚಿಟಿಕೆಯಲ್ಲಿಯೇ ಇದ್ದವು.

ಇನ್ನು ಬೆಳಕಿನ ವಿಚಾರ. ಪಡಸಾಲೆ ದಕ್ಷಿಣಾಭಿಮುಖವಾಗಿದ್ದುದರಿಂದ ಆಶ್ವೀಜ ಕಾರ್ತಿಕಗಳಲ್ಲಿ ದಕ್ಷಿಣಕ್ಕೆ ವಾಲಿದ ಸೂರ್ಯನ ಹೊಂಬಿಸಿಲು ನೇರವಾಗಿ ಒಳಗೆ ಬರುತ್ತಿತ್ತು. ಹಳದಿ ಬಿಸಿಲು ನೀಲಿಛಾಯೆಯ ಗೋಡೆಯ ಮೇಲೆ ಬಿದ್ದಾಗ ಒಂದನ್ನೊಂದು ಸರಿದೂಗಿಸಿ ಗೋಡೆ ನಿಷ್ಕಳಂಕ ಬಿಳಿಯಾಗಿ ಕಾಣುತ್ತದೆ. ಹಿಂಬದಿಯ ಕೋಣೆಗಾದರೋ ಬಿಸಿಲಿಲ್ಲ. ಆಕಾಶದ ನೀಲಿ ಬೆಳಕು, ಅದೂ ಮಾವಿನೆಲೆಗಳ ಹಸಿರನ್ನು ಹಾದು ಬಂದದ್ದು. ತಣ್ಣನೆಯ ಬೆಳಕು ತಣ್ಣನೆಯ ಬಣ್ಣದ ಮೇಲೆ ಬಿದ್ದರೆ ಕಂದದೆ ಮತ್ತೇನಾದೀತು? ಯುರೋಪಿನ ಪುಸ್ತಕಗಳಲ್ಲಿ ಉತ್ತರದ ಕೋಣೆಗೆ ವರ್ಷವಿಡೀ ಬಿಸಿಲಿಲ್ಲವೆಂಬಂತೆ ಬರೆದಿರುತ್ತಾರೆ. ನಮ್ಮ ನಾಡಿಗೆ ಅದು ಪೂರ್ತಿ ಹೊಂದುವುದಿಲ್ಲ. ಧಾರವಾಡವಿರುವುದು ಸುಮಾರು 15.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಆರಂಭದಿಂದ ಆಗಸ್ಟ್ ಎರಡನೆಯ ವಾರದವರೆಗೆ ಅಲ್ಲಿ ಮಧ್ಯಾಹ್ನದ ಸೂರ್ಯನು ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಬೇಸಿಗೆಯಲ್ಲಿ ಉದಯಾಸ್ತಗಳೂ ಉತ್ತರಕ್ಕೆ ಸರಿದು ಓರೆ ಬಿಸಿಲು ಆ ಕಿಟಕಿಗೂ ತಾಗುತ್ತದೆ. ಆದುದರಿಂದ ಒಂದೇ ಬಣ್ಣ ಕಾರ್ತಿಕದಲ್ಲಿ ಒಂದು ಬಗೆ, ವೈಶಾಖದಲ್ಲಿ ಇನ್ನೊಂದು ಬಗೆ ಕಾಣುವುದು ಸಹಜ. ದೀಪಾವಳಿಯ ಮುಂಚೆ ಬಣ್ಣ ಆರಿಸುವವರು ಇದನ್ನು ನೆನಪಿನಲ್ಲಿಡಬೇಕು.

ರಾತ್ರಿಯ ದೀಪವೂ ಹಾಗೆಯೇ. ಹಳೆಯ ತಂತಿಯ ಬಲ್ಬಿನ ಬೆಳಕು ಹಳದಿ. ಅದರ ವರ್ಣಮಾನ ಸುಮಾರು 2700 ಕೆಲ್ವಿನ್. ಇಂದು ಅಂಗಡಿಗಳಲ್ಲಿ ಹೆಚ್ಚಾಗಿ ದೊರೆಯುವ ಬೆಳ್ಳನೆಯ ಎಲ್‌ಇಡಿ ದೀಪದ ಮೇಲೆ 6500 ಕೆಲ್ವಿನ್ ಎಂದು ಅಚ್ಚಾಗಿರುತ್ತದೆ; ಅದು ನೀಲಿಯ ಕಡೆಗೆ ವಾಲಿದ ಬೆಳಕು. ಅಕ್ಕನವರ ಕೋಣೆಯಲ್ಲಿದ್ದುದು ಇಂತಹದೇ ಒಂದು ದೀಪ. ಹೀಗೆ ಹಗಲು ರಾತ್ರಿ ಎರಡೂ ಹೊತ್ತು ಆ ಗೋಡೆಗೆ ಬೆಚ್ಚನೆಯ ಬೆಳಕಿನ ಭಾಗ್ಯವಿರಲಿಲ್ಲ.

ಮೂರನೆಯದು ನೆರೆಹೊರೆ. ಫ್ರಾನ್ಸಿನ ಮಿಶೆಲ್ ಶೆವ್ರೊಲ್ ಎಂಬ ರಸಾಯನ ವಿಜ್ಞಾನಿ ಗೊಬೆಲಿನ್ ಎಂಬ ರಾಜಾಶ್ರಯದ ನೇಯ್ಗೆಶಾಲೆಯ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದಾಗ, ಅಲ್ಲಿಯ ಕಪ್ಪು ನೂಲಿನ ಬಣ್ಣ ಸತ್ವಹೀನವಾಗಿದೆಯೆಂಬ ದೂರು ಬಂದಿತು. ಪರೀಕ್ಷಿಸಿ ನೋಡಲು ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿ ನೇಯ್ದಿದ್ದ ನೀಲಿ ನೇರಳೆ ನೂಲುಗಳ ನೆರೆಯಿಂದ ಕಪ್ಪು ಸೊರಗಿದಂತೆ ಕಾಣುತ್ತಿತ್ತು. ಈ ನಿಯಮವನ್ನು ವಿವರಿಸಿ ಅವನು 1839ರಲ್ಲಿ ಗ್ರಂಥವನ್ನೇ ಪ್ರಕಟಿಸಿದನು. ಬಣ್ಣವೊಂದು ತಾನು ಏನೆಂಬುದನ್ನು ತಾನೊಂದೇ ಹೇಳಲಾರದು. ಪಕ್ಕದಲ್ಲಿರುವುದರ ಜೊತೆ ಸೇರಿ ಹೇಳುತ್ತದೆ. ಪಡಸಾಲೆಯ ನೆಲ ಹಳೆಯ ಕೆಂಪು ಗಾರೆಯದು, ಬಾಗಿಲುಗಳು ಸಾಗವಾನಿಯವು. ಆ ಬೆಚ್ಚನೆಯ ನೆರೆಯಲ್ಲಿ ಬೂದಿಬಿಳಿ ತಂಪಾಗಿ ಹಿತವಾಗಿತ್ತು. ಹಿಂಬದಿಯ ಕೋಣೆಯಲ್ಲಿ ನೆಲವೂ ಬೂದು ಕಲ್ಲು, ಕಪಾಟೂ ಬೂದು ಬಣ್ಣದ ಕಬ್ಬಿಣದ್ದು. ಬೂದಿಗೆ ಬೂದಿಯೇ ಜೊತೆಯಾದರೆ ಮನೆ ಬೆಳಗುವುದುಂಟೆ?

ನಾಲ್ಕನೆಯ ಕಾರಣ ಕೇವಲ ಲೆಕ್ಕದ್ದು. ನಮಗೆ ಅತ್ಯಂತ ಆಶ್ಚರ್ಯ ತಂದುದೂ ಅದೇ. ಅಂಗಡಿಯ ದೊಡ್ಡ ಬಣ್ಣದ ಪುಸ್ತಕದಲ್ಲಿ ಪ್ರತಿಯೊಂದು ಬಣ್ಣದ ಮುಂದೆ ಎಲ್.ಆರ್.ವಿ. ಎಂಬ ಒಂದು ಅಂಕೆಯಿತ್ತು. ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲನ್ನು ಗೋಡೆ ಮರಳಿಸುತ್ತದೆಂಬುದು ಅದರ ಅರ್ಥ. ಕೆನೆಬಿಳಿಯ ಅಂಕೆ 80, ಬೂದಿಬಿಳಿಯದು 70. ಹತ್ತರ ಅಂತರವೇನು ಮಹಾ ಎನ್ನಬಹುದು. ಆದರೆ ಕೋಣೆಯೊಳಗೆ ಬೆಳಕು ಒಂದೇ ಗೋಡೆಗೆ ತಾಗಿ ನಿಲ್ಲುವುದಿಲ್ಲ. ಈ ಗೋಡೆಯಿಂದ ಆ ಗೋಡೆಗೆ, ಅಲ್ಲಿಂದ ಮತ್ತೊಂದಕ್ಕೆ ಪುಟಿಯುತ್ತ ಹೋಗುತ್ತದೆ. ಎರಡು ಗೋಡೆಗೆ ತಾಗಿದ ಬಳಿಕ ಕೆನೆಬಿಳಿಯಲ್ಲಿ 64 ಪಾಲು ಉಳಿದರೆ ಬೂದಿಬಿಳಿಯಲ್ಲಿ 49. ಮೂರನೆಯ ಸಲಕ್ಕೆ ಒಂದರಲ್ಲಿ 51, ಇನ್ನೊಂದರಲ್ಲಿ 34. ದೊಡ್ಡ ಕಿಟಕಿಯಿದ್ದು ನೇರ ಬೆಳಕು ಬೀಳುವಲ್ಲಿ ಈ ನಷ್ಟ ಗೊತ್ತಾಗುವುದಿಲ್ಲ. ಒಂದೇ ಕಿಟಕಿಯ ಕೋಣೆಯಾದರೋ ಪುಟಿದ ಬೆಳಕಿನಿಂದಲೇ ಬದುಕುತ್ತದೆ. ಪ್ರತಿ ಪುಟಿತದಲ್ಲಿ ಒಳಛಾಯೆಯೂ ಗಾಢವಾಗುತ್ತ ಹೋಗುವುದರಿಂದಲೇ ಅಂಗೈಯಷ್ಟು ತುಣುಕಿನಲ್ಲಿ ಕಾಣದ ಬಣ್ಣ ನಾಲ್ಕು ಗೋಡೆಗೆ ಹಚ್ಚಿದಾಗ ಎದ್ದು ಕಾಣುತ್ತದೆ. ಮೊದಲೇ ಬೆಳಕು ಕಡಿಮೆ ತಲುಪುವ ವೃದ್ಧರ ಕಣ್ಣಿಗೆ ಈ ಕೊರತೆ ಇಮ್ಮಡಿಯಾಗುತ್ತದೆ. ಅಕ್ಕನವರು ಹೇಳಿದ ‘ಕತ್ತಲು’ ಹಟದ ಮಾತಾಗಿರಲಿಲ್ಲ, ಲೆಕ್ಕಕ್ಕೆ ಸಿಗುವ ಮಾತಾಗಿತ್ತು.

ಇಷ್ಟೆಲ್ಲ ಕೇಳಿದ ಬಣ್ಣ ಹಚ್ಚುವವನು ನಸುನಕ್ಕು, “ಅಜ್ಜಾರ, ಡಬ್ಬಿಯಾಗಿನ ಬಣ್ಣ ಬ್ಯಾರೆ, ಗ್ವಾಡಿ ಮ್ಯಾಲಿನ ಬಣ್ಣ ಬ್ಯಾರೆ. ಹಚ್ಚಿ ನೋಡಿದ್ರನ ಗೊತ್ತಾಗೂದ್ರಿ” ಎಂದನು. ಗ್ರಂಥಗಳ ಸಾರ ಅವನ ಒಂದು ಮಾತಿನಲ್ಲಿತ್ತು. ಅವನ ಸಲಹೆಯಂತೆ ಎರಡಡಿ ಅಗಲದ ಎರಡು ಹಲಗೆಗಳಿಗೆ ಒಂದೊಂದು ಬಣ್ಣವನ್ನು ಎರಡೆರಡು ಕೋಟು ಹಚ್ಚಿ, ಪೂರ್ಣ ಒಣಗಿಸಿ, ಮನೆಗೆ ತಂದೆವು. ಹಸಿಯಾಗಿರುವಾಗ ನೋಡಿ ನಿರ್ಣಯಿಸಬಾರದು. ಸುಣ್ಣ ಒಣಗಿದಂತೆ ಬೆಳ್ಳಗಾದರೆ ಈಗಿನ ಇಮಲ್ಶನ್ ಬಣ್ಣಗಳು ಸಾಮಾನ್ಯವಾಗಿ ಒಣಗಿದಂತೆ ತುಸು ಗಾಢವಾಗುತ್ತವೆ.

ಹಲಗೆಗಳನ್ನು ಮೊದಲು ಅಕ್ಕಪಕ್ಕದಲ್ಲಿಟ್ಟು, ನಡುವೆ ಒಂದು ಬಿಳಿಯ ಹಾಳೆ ಹಿಡಿದೆವು. ಒಳಛಾಯೆ ತಿಳಿಯಲು ಇದು ಸುಲಭೋಪಾಯ; ಹಾಳೆಯ ಪಕ್ಕದಲ್ಲಿ ಹಳದಿ ಹಳದಿಯಾಗಿಯೂ ನೀಲಿ ನೀಲಿಯಾಗಿಯೂ ಒಪ್ಪಿಕೊಂಡುಬಿಡುತ್ತವೆ. ಆದರೆ ಆರಿಸುವಾಗ ಅಕ್ಕಪಕ್ಕದಲ್ಲಿಡಬಾರದು. ಶೆವ್ರೊಲ್ ಹೇಳಿದಂತೆ ನೆರೆಯಿಂದ ಅಂತರ ಹಿಗ್ಗಿ ಕಾಣುತ್ತದೆ. ಮನೆಯ ಗೋಡೆಗೆ ಹಚ್ಚುವುದು ಎರಡರಲ್ಲಿ ಒಂದನ್ನು ಮಾತ್ರವಲ್ಲವೆ? ಆದುದರಿಂದ ಒಂದು ದಿನ ಒಂದು ಹಲಗೆ, ಮರುದಿನ ಇನ್ನೊಂದು ಹಲಗೆ, ಹೀಗೆ ಕೋಣೆಯಲ್ಲಿಟ್ಟು, ಬೆಳಿಗ್ಗೆ, ಮಧ್ಯಾಹ್ನ, ಮುಸ್ಸಂಜೆ ಮತ್ತು ದೀಪ ಹಚ್ಚಿದ ಮೇಲೆ ನಾಲ್ಕು ಹೊತ್ತು ನೋಡಿದೆವು. ಕಿಟಕಿಯ ಎದುರಿನ ಗೋಡೆಯ ಮೇಲೂ ಕಿಟಕಿಯಿರುವ ಗೋಡೆಯ ಮೇಲೂ ಹಲಗೆಯನ್ನು ಸರಿಸಿ ನೋಡಬೇಕು. ಎರಡರ ಮೇಲೂ ಬೆಳಕು ಒಂದೇ ಅಲ್ಲ.

ನೋಡುವ ಕೆಲಸವನ್ನು ಅತ್ತೆ-ಸೊಸೆಯರಿಗೇ ಒಪ್ಪಿಸಿದೆವು. ಆದರೆ ಅದಕ್ಕೆ ಮುಂಚೆ ಸೊಸೆಯನ್ನು ಕರೆದು ಮಸೂರದ ವಿಷಯ ವಿವರಿಸಿ, ನಮ್ಮ ಹಳೆಯ ಕನ್ನಡಕದ ಗಾಜಿನ ಮೇಲೆ ತೆಳುಹಳದಿಯ ಜಿಲೆಟಿನ್ ಹಾಳೆಯನ್ನು ಎರಡು ಮಡಿಕೆ ಅಂಟಿಸಿ, ಅದನ್ನು ಧರಿಸಿ ಆ ಕೋಣೆಯೊಳಗೆ ಐದು ನಿಮಿಷ ಕುಳಿತು ಬರುವಂತೆ ಹೇಳಿದೆವು. ಹೋದವಳು ಹತ್ತು ನಿಮಿಷವಾದರೂ ಬರಲಿಲ್ಲ. ಬಂದವಳು ನಮ್ಮೊಂದಿಗೆ ಏನೂ ಮಾತನಾಡದೆ ನೇರವಾಗಿ ಮೊಗಸಾಲೆಗೆ ಹೋಗಿ, “ಅತ್ತೀ, ನಿಮಗ ಹಿಂಗ ಕಾಣತೈತಿ ಅಂತ ನನಗ ಗೊತ್ತಿರಲಿಲ್ರಿ” ಎಂದಳು. ಅಕ್ಕನವರು ಅವಳ ಕೈ ಹಿಡಿದು, “ನನಗರ ಎಲ್ಲಿ ಗೊತ್ತಿತ್ತವಾ? ನಿನಗೂ ಹಂಗ ಕಾಣತೈತಿ, ಬೇಕಂತ ಹಚ್ಚಿಸೀ ಅಂದುಕೊಂಡಿದ್ನಿ” ಎಂದರು. ಎಂಟು ದಿನದ ಮೌನ ಅಲ್ಲಿಗೆ ಮುಗಿಯಿತು.

ಕೋಣೆಗೆ ಕೆನೆಬಿಳಿ ನಿಶ್ಚಯವಾಯಿತು. ಪಡಸಾಲೆಯ ಬೂದಿಬಿಳಿ ಹಾಗೆಯೇ ಉಳಿಯಿತು. ಕೋಣೆಯ ಬಾಗಿಲ ಚೌಕಟ್ಟಿಗೆ ಗಾಢವಾದ ಕಂದುಬಣ್ಣ ಹಚ್ಚಿಸಲಾಯಿತು. ಗೋಡೆ, ಚೌಕಟ್ಟು, ಸ್ವಿಚ್ಚಿನ ಹಲಗೆ ಎಲ್ಲವೂ ಬಿಳಿಯಾಗಿದ್ದರೆ ಮಬ್ಬುಗಣ್ಣಿನ ಹಿರಿಯರಿಗೆ ರಾತ್ರಿ ಎದ್ದಾಗ ಬಾಗಿಲು ಎಲ್ಲಿ, ಗೋಡೆ ಎಲ್ಲಿ ಎಂದು ತಿಳಿಯದೆ ಎಡವುವ ಅಪಾಯವಿದೆ. ದೀಪವನ್ನು ಬೆಚ್ಚನೆಯ ಬೆಳಕಿನದಕ್ಕೆ, ಹಿಂದಿನದಕ್ಕಿಂತ ಹೆಚ್ಚು ಪ್ರಕಾಶದ್ದಕ್ಕೆ ಬದಲಿಸಲಾಯಿತು. ಇವೆಲ್ಲಕ್ಕಿಂತ ಮುಖ್ಯವಾಗಿ, ದೀಪಾವಳಿ ಮುಗಿದ ವಾರದಲ್ಲಿಯೇ ಅಳಿಯನು ತಾಯಿಯನ್ನು ನೇತ್ರವೈದ್ಯರಲ್ಲಿಗೆ ಕರೆದೊಯ್ದನು. ಎರಡೂ ಕಣ್ಣುಗಳಲ್ಲಿ ಪೊರೆ ಬಲಿತಿತ್ತು. ಗೋಡೆಯ ಜಗಳವಾಗದಿದ್ದರೆ ಇನ್ನೂ ಎಷ್ಟು ದಿನ ಯಾರಿಗೂ ತಿಳಿಯುತ್ತಿರಲಿಲ್ಲವೋ! ವಯಸ್ಸಾದವರು ‘ದೀಪ ಮಬ್ಬಾಗಿದೆ’, ‘ಬಟ್ಟೆ ಬೆಳ್ಳಗಾಗಿಲ್ಲ’, ‘ಬಣ್ಣ ಕೊಳೆಯಾಗಿದೆ’ ಎಂದು ಪದೇ ಪದೇ ಹೇಳತೊಡಗಿದರೆ ಅದನ್ನು ಗೊಣಗಾಟವೆಂದು ತಳ್ಳಿಹಾಕದೆ ಒಮ್ಮೆ ಕಣ್ಣಿನ ಪರೀಕ್ಷೆ ಮಾಡಿಸಬೇಕೆಂದು ಓದುಗರಲ್ಲಿ ನಮ್ಮ ವಿನಂತಿ.

ಶಸ್ತ್ರಚಿಕಿತ್ಸೆಗಳೆರಡೂ ಸುಗಮವಾಗಿ ನೆರವೇರಿದವು. ಸಂಕ್ರಾಂತಿಯ ವೇಳೆಗೆ ನಾವು ಮತ್ತೆ ಹೋದಾಗ ಅಕ್ಕನವರು ಮನೆಯನ್ನೆಲ್ಲ ಹೊಸದಾಗಿ ನೋಡುತ್ತ ಓಡಾಡುತ್ತಿದ್ದರು. ಪಡಸಾಲೆಯ ಬೂದಿಬಿಳಿ ಈಗ ಅವರಿಗೂ ಬಹಳ ಚೆಲುವಾಗಿ ಕಾಣುತ್ತಿತ್ತು. ಸೊಸೆ ನಗುತ್ತ, “ಹಂಗಾರ ನಿಮ್ಮ ಖೋಲಿಗೂ ಅದನ್ನ ಹಚ್ಚಿಸೋಣೇನ್ರಿ ಅತ್ತೀ?” ಎಂದು ಕೇಳಿದಳು. “ಬ್ಯಾಡವಾ, ಇದರಾಗ ಕುಂತ್ರ ಬಂದವ್ರ ಮುಖ ಕಳೆಕಳೆಯಾಗಿ ಕಾಣತಾವು” ಎಂದರು ಅಕ್ಕನವರು. ಕೆನೆಬಿಳಿಯ ಗೋಡೆಯಿಂದ ಪುಟಿದ ಬೆಚ್ಚನೆಯ ಬೆಳಕು ಮುಖಕ್ಕೆ ಕಳೆ ಕೊಡುವುದು ನಿಜವೇ. ಬಹುಪಾಲು ಹೊತ್ತು ಕೋಣೆಯಲ್ಲಿಯೇ ಕಳೆಯುವ ಹಿರಿಯರು ಗೋಡೆಯನ್ನು ನೋಡುವುದು ಅಷ್ಟರಲ್ಲಿಯೇ ಇದೆ. ಅವರು ನೋಡುವುದು ಬಂದವರ ಮುಖವನ್ನು.

ಈ ವರ್ಷ ಬಣ್ಣ ಹಚ್ಚಿಸುವವರಿಗಾಗಿ ಇನ್ನೆರಡು ಮಾತು. ಒಂದು ಕೋಣೆಗೆ ಬೇಕಾದಷ್ಟು ಬಣ್ಣವನ್ನು ಒಮ್ಮೆಗೇ ತರಬೇಕು. ಬೇರೆ ಬೇರೆ ದಿನ ಕಲಸಿದ ಡಬ್ಬಿಗಳಲ್ಲಿ ಸೂಕ್ಷ್ಮ ಅಂತರ ಬರುವುದುಂಟು. ಹಲವು ಡಬ್ಬಿಗಳಿದ್ದರೆ ದೊಡ್ಡ ಬಕೆಟ್ಟಿನಲ್ಲಿ ಕೂಡಿಸಿ ಕಲಸಿ ಹಚ್ಚುವುದು ಲೇಸು. ಬಾಗಿಲು ಕಪಾಟುಗಳಿಗೆ ಹಚ್ಚುವ ಎಣ್ಣೆಬಣ್ಣದ ಬಿಳಿಯು ಬೆಳಕು ತಾಗದ ಕಡೆ ಕಾಲಕ್ರಮದಲ್ಲಿ ಹಳದಿಗೆ ತಿರುಗುತ್ತದೆ. ಅದರ ಪಕ್ಕದಲ್ಲಿ ಬೂದಿಬಿಳಿಯ ಗೋಡೆಯಿದ್ದರೆ ಆ ಹಳದಿ ಎದ್ದು ಕಾಣುತ್ತದೆ, ಕೆನೆಬಿಳಿಯಿದ್ದರೆ ಮರೆಯಾಗುತ್ತದೆ.

ಯಾವ ಬಿಳಿ ಒಳ್ಳೆಯದೆಂದು ಯಾರಾದರೂ ಕೇಳಿದರೆ ನಾವೀಗ ಥಟ್ಟನೆ ಉತ್ತರ ಹೇಳುವುದಿಲ್ಲ. ಕಿಟಕಿ ಯಾವ ದಿಕ್ಕಿಗಿದೆ, ನೆಲ ಯಾವುದು, ದೀಪ ಎಂತಹದು ಎಂದು ಕೇಳುತ್ತೇವೆ. ಕೊನೆಗೆ, ಆ ಕೋಣೆಯಲ್ಲಿ ದಿನವಿಡೀ ಇರುವವರು ಯಾರು, ಅವರನ್ನು ಕೇಳಿದಿರಾ ಎನ್ನುತ್ತೇವೆ. ನಮ್ಮ ಎಡಗಣ್ಣಿಗೆ ಇನ್ನೂ ಚಿಕಿತ್ಸೆಯಾಗಿಲ್ಲ. ವೈದ್ಯರು ಅವಸರವಿಲ್ಲವೆಂದಿದ್ದಾರೆ. ಯಾರೊಂದಿಗಾದರೂ ವಾದಕ್ಕೆ ನಿಲ್ಲುವ ಮುಂಚೆ ಒಂದೊಂದೇ ಕಣ್ಣು ಮುಚ್ಚಿ ಎದುರಿನ ಗೋಡೆಯನ್ನು ನೋಡುವ ಅಭ್ಯಾಸ ನಮಗೆ ಬಂದುಬಿಟ್ಟಿದೆ. ವಾದಿಸುವ ಉತ್ಸಾಹ ಅದರಿಂದ ಅರ್ಧಕ್ಕರ್ಧ ಇಳಿಯುತ್ತದೆ.